ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಕಡಿಮೆ ಬರುತ್ತಿವೆ: ಎಷ್ಟು ಸೇರಿಸಬೇಕು?

ಹೊಸಹವಳ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇದೆ. ಆರಂಭಿಸಿ ಎರಡು ವರ್ಷ ಕಳೆದಿದೆ. ಎರಡು ಕ್ಲೌನ್ ಮೀನು, ಒಂದು ಗೋಬಿ, ಸ್ವಲ್ಪ ಮೆದುಹವಳ ಮತ್ತು ಮೂರು ಕಲ್ಲುಹವಳಗಳು ಅದರಲ್ಲಿವೆ. ಎರಡು ತಿಂಗಳಿಂದ ಕಲ್ಲುಹವಳಗಳು ಪೂರ್ತಿ ಬೆಳಕಿನಲ್ಲಿಯೂ ಸರಿಯಾಗಿ ಅರಳುತ್ತಿಲ್ಲ. ಮೆತ್ತನೆಯ ಭಾಗವೆಲ್ಲ ಒಳಗಿನ ಕಲ್ಲಿಗೆ ಅಂಟಿಕೊಂಡಂತೆ ಕುಗ್ಗಿದೆ. ಕಳೆದ ವಾರ ಎರಡು ಬಸವನಹುಳುಗಳು ಸತ್ತವು. ಮೀನುಗಳು ಮಾತ್ರ ಏನೂ ನಡೆದೇ ಇಲ್ಲವೆಂಬಂತೆ ಓಡಾಡಿಕೊಂಡು, ಹಾಕಿದ್ದನ್ನೆಲ್ಲ ತಿನ್ನುತ್ತಿವೆ.

ನಿನ್ನೆ ರಾತ್ರಿ ಕುಳಿತು ಎಲ್ಲ ಪರೀಕ್ಷೆಗಳನ್ನೂ ಮಾಡಿದೆ. ರಿಫ್ರಾಕ್ಟೋಮೀಟರಿನಲ್ಲಿ (ಬೆಳಕು ಎಷ್ಟು ಬಾಗುತ್ತದೆಂದು ನೋಡಿ ಉಪ್ಪನ್ನು ಅಳೆಯುವ ಉಪಕರಣ) ಲವಣಾಂಶ 35 ಪಿಪಿಟಿ (ಸಾವಿರದಲ್ಲಿ 35 ಪಾಲು), ಉಷ್ಣತೆ 26 ಡಿಗ್ರಿ, ಪಿಎಚ್ 7.9, ಕ್ಷಾರತೆ (ಆಮ್ಲವನ್ನು ತಡೆಯುವ ನೀರಿನ ಶಕ್ತಿ) 9.5 ಡಿಕೆಎಚ್ (ಕ್ಷಾರತೆಯ ಅಳತೆ), ಕ್ಯಾಲ್ಸಿಯಂ 355 ಪಿಪಿಎಂ (ಹತ್ತು ಲಕ್ಷದಲ್ಲಿ 355 ಪಾಲು), ಮೆಗ್ನೀಸಿಯಂ 1110 ಪಿಪಿಎಂ, ಫಾಸ್ಫೇಟ್ 0.08 ಪಿಪಿಎಂ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ. ನೈಟ್ರೇಟ್ ವಿಷಯದಲ್ಲಿ ಗೊಂದಲವಿದೆ: ಹಳೆಯ ಕಿಟ್ 5 ಎನ್ನುತ್ತದೆ, ಹೊಸದಾಗಿ ತಂದದ್ದು 20ಕ್ಕಿಂತ ತುಸು ಹೆಚ್ಚು ಎನ್ನುತ್ತದೆ. ಮೂರು ವಾರಗಳ ಹಿಂದೆ ಕ್ಷಾರತೆ 6.8 ಮಾತ್ರ ಇದ್ದುದರಿಂದ ಅಂದಿನಿಂದ ಪ್ರತಿದಿನ ಸ್ವಲ್ಪ ಸೋಡಾ ದ್ರಾವಣ ಹಾಕುತ್ತಿದ್ದೇನೆಂಬುದನ್ನೂ ಹೇಳಬೇಕು. ಈಗ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಎರಡನ್ನೂ ತಂದಿಟ್ಟಿದ್ದೇನೆ. ಯಾವುದನ್ನು ಎಷ್ಟು ಹಾಕಬೇಕೆಂದು ತಿಳಿದವರು ಹೇಳಿದರೆ ಇಂದೇ ಆರಂಭಿಸುವೆ.

ಕಡಲಕುದುರೆ:

ನನ್ನ ದೃಷ್ಟಿಯಲ್ಲಿ ಮೊದಲು ಸರಿಪಡಿಸಬೇಕಾದದ್ದು ಪಿಎಚ್. ಸಮುದ್ರದ ಮೇಲ್ಪದರದ ನೀರಿನಲ್ಲಿ ಅದು 8.1ರ ಆಸುಪಾಸಿನಲ್ಲಿರುತ್ತದೆ, ನಿಮ್ಮಲ್ಲಿ 7.9ಕ್ಕೆ ಇಳಿದಿದೆ. ಪಿಎಚ್ ಏರಿಸುವ ಪುಡಿಗಳು ಸಿಗುತ್ತವೆ. ಎರಡು ದಿನ ಹಾಕಿ ನೋಡಿ, ಹವಳಗಳು ಅರಳಬಹುದು. ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಆಮೇಲೆ ನೋಡಿಕೊಳ್ಳಬಹುದು.

ಟೈಟ್ರೇಶನ್:

ಹೊಸಹವಳ ಅವರೇ, ತಂದಿಟ್ಟ ಎರಡು ಪೊಟ್ಟಣಗಳನ್ನೂ ದಯವಿಟ್ಟು ಇನ್ನೆರಡು ದಿನ ಬಿಚ್ಚದೇ ಇಡಿ. ಪಿಎಚ್ ಪುಡಿಯೂ ಬೇಡ. ನೀವು ಕೊಟ್ಟಿರುವ ಅಂಕಿಗಳನ್ನು ಒಂದೊಂದಾಗಿ ನೋಡಿದರೆ ನಾಲ್ಕೈದು ಬೇರೆ ಬೇರೆ ದೋಷಗಳಿರುವಂತೆ ಕಾಣುತ್ತದೆ. ಒಟ್ಟಿಗೆ ಇಟ್ಟು ನೋಡಿದರೆ ಒಂದೇ ದೋಷವಿರಬಹುದೆಂಬ ಗುಮಾನಿ ನನಗೆ ಬರುತ್ತಿದೆ, ಮತ್ತು ಆ ದೋಷ ಇರುವುದು ನೀವು ಸಂಶಯಿಸದೇ ಬಿಟ್ಟಿರುವ ಒಂದೇ ಒಂದು ಅಂಕಿಯಲ್ಲಿ.

35 ಪಿಪಿಟಿ ಲವಣಾಂಶದ ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಸುಮಾರು 420 ಪಿಪಿಎಂ, ಮೆಗ್ನೀಸಿಯಂ ಸುಮಾರು 1300 ಪಿಪಿಎಂ ಇರುತ್ತವೆ. ನಿಮ್ಮ 355ನ್ನು 420ರಿಂದ ಭಾಗಿಸಿ, 1110ನ್ನು 1300ರಿಂದ ಭಾಗಿಸಿ: ಎರಡೂ ಕಡೆ ಶೇಕಡಾ 85ರ ಹತ್ತಿರದ ಉತ್ತರ ಬರುತ್ತದೆ. ಹವಳಗಳು ಕ್ಯಾಲ್ಸಿಯಂ ಅನ್ನು ಹೀರಿಕೊಂಡು ಕಡಿಮೆ ಮಾಡಿದ್ದರೆ ಮೆಗ್ನೀಸಿಯಂ ಅದೇ ಪ್ರಮಾಣದಲ್ಲಿ ಇಳಿಯುತ್ತಿರಲಿಲ್ಲ, ಏಕೆಂದರೆ ಹವಳದ ಕಲ್ಲಿನೊಳಕ್ಕೆ ಸೇರುವ ಮೆಗ್ನೀಸಿಯಂ ತೀರ ಅಲ್ಪ. ಎರಡೂ ಜೊತೆಜೊತೆಯಾಗಿ ಇಳಿದಿವೆಯೆಂದರೆ ಅವುಗಳನ್ನು ಯಾರೂ ತಿಂದಿಲ್ಲ, ನೀರೇ ತೆಳುವಾಗಿದೆ. 35ರ ಶೇಕಡಾ 85 ಎಂದರೆ ಹೆಚ್ಚುಕಡಿಮೆ 30. ನಿಮ್ಮ ನೀರಿನ ನಿಜವಾದ ಲವಣಾಂಶ 30 ಇದ್ದು ರಿಫ್ರಾಕ್ಟೋಮೀಟರ್ 35 ಎಂದು ತೋರಿಸುತ್ತಿದೆಯೆಂದು ನನ್ನ ಅಂದಾಜು. ಮೂರು ವಾರಗಳ ಹಿಂದಿನ 6.8 ಡಿಕೆಎಚ್ ಕೂಡ ಇದೇ ಲೆಕ್ಕಕ್ಕೆ ಕೂರುತ್ತದೆ: 8 ಡಿಕೆಎಚ್ ಕೊಡಬೇಕಾದ ಉಪ್ಪನ್ನು ಶೇಕಡಾ 85ರಷ್ಟೇ ಹಾಕಿದರೆ ಸಿಗುವುದು 6.8.

ಈ ತರ್ಕ ನನ್ನದಲ್ಲ, ಬಹಳ ಹಳೆಯದು. ಸಮುದ್ರದ ನೀರು ಎಲ್ಲಿ ಎಷ್ಟೇ ಉಪ್ಪಾಗಿರಲಿ, ಅದರಲ್ಲಿರುವ ಮುಖ್ಯ ಲವಣಗಳ ಪರಸ್ಪರ ಪ್ರಮಾಣ ಬದಲಾಗುವುದಿಲ್ಲವೆಂಬ ಮಾತನ್ನು ಅಲೆಕ್ಸಾಂಡರ್ ಮಾರ್ಸೆಟ್ 1819ರಲ್ಲಿಯೇ ಹೇಳಿದ್ದರು. 1872ರಿಂದ 1876ರವರೆಗೆ ಲೋಕದ ಸಾಗರಗಳನ್ನು ಸುತ್ತಿದ ಚಾಲೆಂಜರ್ ಹಡಗು ತಂದ 77 ನೀರಿನ ಮಾದರಿಗಳನ್ನು ವಿಲಿಯಂ ಡಿಟ್ಮಾರ್ ವಿಶ್ಲೇಷಿಸಿ, 1884ರಲ್ಲಿ ಅದನ್ನು ಅಂಕಿಗಳ ಸಮೇತ ದೃಢಪಡಿಸಿದರು. ನಮ್ಮ ತೊಟ್ಟಿಗಳು ಸಾಗರಗಳಲ್ಲ, ನಿಜ. ಆದರೂ ಒಳ್ಳೆಯ ಉಪ್ಪಿನಿಂದ ತಯಾರಿಸಿದ ನೀರಿಗೆ ಈ ನಿಯಮ ಒಗ್ಗುತ್ತದೆ.

ಎರಡು ಪ್ರಶ್ನೆಗಳಿವೆ. ರಿಫ್ರಾಕ್ಟೋಮೀಟರನ್ನು ಕೊನೆಯ ಬಾರಿ ಯಾವಾಗ, ಯಾವ ದ್ರವದಿಂದ ಸರಿಹೊಂದಿಸಿದಿರಿ? ನೀರು ಬದಲಿಸುವಾಗ ಹೊಸ ಉಪ್ಪುನೀರನ್ನೂ ಅದರಿಂದಲೇ ಅಳೆಯುತ್ತೀರಾ?

ಹೊಸಹವಳ:

ನಿಮ್ಮ ಉತ್ತರ ಓದಿ ಸ್ವಲ್ಪ ನಾಚಿಕೆಯಾಯಿತು. ಕೊಂಡ ದಿನ ಶುದ್ಧೀಕರಿಸಿದ ನೀರು ಹಾಕಿ ಸೊನ್ನೆಗೆ ಹೊಂದಿಸಿದ್ದೆ. ಆಮೇಲೆ ತಿರುಪನ್ನು ಮುಟ್ಟಿಯೇ ಇಲ್ಲ. ಆರು ತಿಂಗಳ ಹಿಂದೆ ಅದು ಕಪಾಟಿನ ಮೇಲಿನಿಂದ ನೆಲಕ್ಕೆ ಬಿದ್ದಿತ್ತು. ಗಾಜು ಒಡೆದಿಲ್ಲವೆಂದು ಸಮಾಧಾನಪಟ್ಟುಕೊಂಡು ಮತ್ತೆ ಬಳಸತೊಡಗಿದೆ. ಹೌದು, ಬದಲಿಸುವ ನೀರನ್ನೂ ಅದರಲ್ಲಿಯೇ ನೋಡುತ್ತೇನೆ. ಹಾಗಾದರೆ ವಾರವಾರವೂ ನಾನೇ ತೊಟ್ಟಿಯನ್ನು ತೆಳುವಾಗಿಸುತ್ತ ಬಂದೆನೇ?

ಉಪ್ಪುತಕ್ಕಡಿ:

ಬಿದ್ದ ರಿಫ್ರಾಕ್ಟೋಮೀಟರ್ ಎಂದ ಮೇಲೆ ಟೈಟ್ರೇಶನ್ ಅವರ ಗುಮಾನಿ ನಿಜವಾಗಿರುವ ಸಂಭವವೇ ಹೆಚ್ಚು. ಆದರೂ ಒಂದು ಅಂದಾಜನ್ನು ನಂಬಿ ಇನ್ನೊಂದನ್ನು ತಳ್ಳಿಹಾಕುವ ಬದಲು ಪರೀಕ್ಷಿಸಿಯೇ ನೋಡೋಣ.

ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸುವುದು ಸಾಲದು. ಸೊನ್ನೆಯಲ್ಲಿ ಸರಿಯಿದ್ದ ಉಪಕರಣ 35ರಲ್ಲಿಯೂ ಸರಿಯಿರಬೇಕೆಂಬ ನಿಯಮವಿಲ್ಲ. ಅಲ್ಲದೆ ಕೆಲವು ರಿಫ್ರಾಕ್ಟೋಮೀಟರುಗಳ ಗೆರೆಗಳನ್ನು ಬರೀ ಅಡುಗೆ ಉಪ್ಪಿನ ದ್ರಾವಣಕ್ಕಾಗಿ ಎಳೆದಿರುತ್ತಾರೆಯೇ ಹೊರತು ಸಮುದ್ರದ ನೀರಿಗಾಗಿ ಅಲ್ಲ. ಆದ್ದರಿಂದ ನಾವು ಅಳೆಯಬೇಕೆಂದಿರುವ ಜಾಗದಲ್ಲಿಯೇ, ಅಂದರೆ 35ರಲ್ಲಿಯೇ, ಅದನ್ನು ಹೊಂದಿಸಬೇಕು. ಅದಕ್ಕೆಂದೇ ತಯಾರಾದ 35 ಪಿಪಿಟಿ ಮಾನಕ ದ್ರಾವಣ ಸಿಗುತ್ತದೆ. ಸಿಗದಿದ್ದರೆ ಮನೆಯಲ್ಲಿಯೇ ಮಾಡಿಕೊಳ್ಳಬಹುದು: 36.5 ಗ್ರಾಂ ಶುದ್ಧ ಸೋಡಿಯಂ ಕ್ಲೋರೈಡನ್ನು 963.5 ಗ್ರಾಂ ಶುದ್ಧೀಕರಿಸಿದ ನೀರಿನಲ್ಲಿ ಕರಗಿಸಿದರೆ, ಆ ದ್ರಾವಣವು 35 ಪಿಪಿಟಿ ಸಮುದ್ರದ ನೀರಿನಷ್ಟೇ ಬೆಳಕನ್ನು ಬಾಗಿಸುತ್ತದೆ. 35ರ ಬದಲು 36.5 ಏಕೆಂದರೆ, ಸಮುದ್ರದ ನೀರಿನಲ್ಲಿರುವ ಮೆಗ್ನೀಸಿಯಂ, ಸಲ್ಫೇಟ್ ಮುಂತಾದವು ಅದೇ ತೂಕದ ಅಡುಗೆ ಉಪ್ಪಿಗಿಂತ ಬೆಳಕನ್ನು ತುಸು ಹೆಚ್ಚು ಬಾಗಿಸುತ್ತವೆ. ಒಂದು ಗ್ರಾಂ ತಪ್ಪಿದರೆ ಉತ್ತರವೂ ಸುಮಾರು ಒಂದು ಪಿಪಿಟಿಯಷ್ಟು ತಪ್ಪುವುದರಿಂದ ಗ್ರಾಂನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಬೇಕು. ವಿದ್ಯುತ್ ವಾಹಕತೆ ಅಳೆಯುವ ಮೀಟರಿಗೆ ಈ ದ್ರಾವಣ ಹೊಂದುವುದಿಲ್ಲ. ಅದಕ್ಕೆ ಬೇರೆಯೇ ಮಾನಕವಿದೆ.

ಅಳೆಯುವಾಗ ಗಾಜನ್ನು ಶುದ್ಧ ನೀರಿನಿಂದ ತೊಳೆದು ಒರೆಸಿ, ಎರಡು ಮೂರು ಹನಿ ಹಾಕಿ, ಗುಳ್ಳೆ ಉಳಿಯದಂತೆ ಮುಚ್ಚಳ ಮುಚ್ಚಿ, ಅರ್ಧ ನಿಮಿಷ ಕಾಯಬೇಕು. ಹನಿಯ ಉಷ್ಣತೆ ಗಾಜಿನ ಉಷ್ಣತೆಗೆ ಬರುವವರೆಗೆ ಓದುವುದು ಅವಸರವಾಗುತ್ತದೆ. ಬಾಟಲಿಯ ಬಾಯಿ ತೆರೆದಿಟ್ಟರೆ ನೀರು ಆವಿಯಾಗಿ ಮಾನಕವೇ ಉಪ್ಪಾಗುತ್ತದೆಂಬುದೂ ನೆನಪಿರಲಿ.

ಹಳೆದೋಣಿ:

ಈ ಚರ್ಚೆಯನ್ನು ಓದುತ್ತ ನನಗೆ ಬೇರೊಂದು ಮಾತು ಹೇಳಬೇಕೆನಿಸಿತು. ಹದಿನಾರು ವರ್ಷಗಳಿಂದ ಉಪ್ಪುನೀರಿನ ತೊಟ್ಟಿ ಇಟ್ಟುಕೊಂಡಿದ್ದೇನೆ. ಹನಿ ಎಣಿಸುವ ಕಿಟ್‌ಗಳನ್ನು ನಾನು ಬಳಸುವುದು ಅಪರೂಪ. ವಾರಕ್ಕೊಮ್ಮೆ ಶೇಕಡಾ 10ರಷ್ಟು ನೀರು ಬದಲಿಸುತ್ತೇನೆ, ಉಪ್ಪನ್ನು ಪ್ರತಿ ಬಾರಿಯೂ ತಪ್ಪದೆ ತೂಗಿ ಹಾಕುತ್ತೇನೆ, ದಿನವೂ ಹತ್ತು ನಿಮಿಷ ಹವಳಗಳ ಮುಂದೆ ಕುಳಿತು ನೋಡುತ್ತೇನೆ. ಹೊಸಬರು ತೊಟ್ಟಿಯನ್ನು ನೋಡುವುದಕ್ಕಿಂತ ಪರೀಕ್ಷಾ ನಳಿಕೆಯನ್ನು ನೋಡುವುದೇ ಹೆಚ್ಚಾಗಿದೆ. ಅಂಕಿ ಸರಿಪಡಿಸಲು ಹೋಗಿ ಕೆಟ್ಟ ತೊಟ್ಟಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ.

ಟೈಟ್ರೇಶನ್:

ಹಳೆದೋಣಿ ಅವರ ಕೊನೆಯ ವಾಕ್ಯವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ; ಈ ಚರ್ಚೆಯೇ ಅದಕ್ಕೆ ಸಾಕ್ಷಿ. ಹೊಸಹವಳ ಅವರು ಇಂದು 30 ಪಿಪಿಟಿ ನೀರಿನಲ್ಲಿ ಕ್ಯಾಲ್ಸಿಯಂ ಅನ್ನು 420ಕ್ಕೂ ಮೆಗ್ನೀಸಿಯಂ ಅನ್ನು 1300ಕ್ಕೂ ಏರಿಸಿದ್ದರೆ, ಮುಂದೆ ಲವಣಾಂಶವನ್ನು ಸರಿಪಡಿಸಿದ ದಿನ ಅವು 490, 1500ರ ಹತ್ತಿರ ಹೋಗಿ ಕೂರುತ್ತಿದ್ದವು.

ಆದರೆ ಸರ್, ನೀವು ಉಪ್ಪನ್ನು ತಪ್ಪದೆ ತೂಗುತ್ತೀರಿ. ತಕ್ಕಡಿಯೂ ಅಳತೆಯ ಉಪಕರಣವೇ, ಅದೂ ನಮ್ಮ ಬಹುಪಾಲು ಕಿಟ್‌ಗಳಿಗಿಂತ ನಿಖರವಾದದ್ದು. ನೀವು ಪರೀಕ್ಷೆಯನ್ನು ಬಿಟ್ಟಿಲ್ಲ; ನೀರು ತೊಟ್ಟಿಗೆ ಸೇರುವ ಮೊದಲೇ ಅದನ್ನು ಮುಗಿಸುತ್ತಿದ್ದೀರಿ. ಈ ತೊಟ್ಟಿಯಲ್ಲಿ ನಡೆದದ್ದು ಅದಕ್ಕೆ ವಿರುದ್ಧವಾದದ್ದು: ನೀರು ಬದಲಾವಣೆ ವಾರವಾರವೂ ತಪ್ಪದೆ ನಡೆದಿದೆ, ಪ್ರತಿ ಬಾರಿಯೂ ತಪ್ಪು ನೀರು ಒಳಗೆ ಹೋಗಿದೆ. ಕಣ್ಣಿಗೆ ಅದು ಕಾಣಿಸಿದ್ದೂ ತಡವಾಗಿ, ಕಂಡದ್ದೂ ಅರ್ಧ. ಹವಳ ಕುಗ್ಗಿದೆಯೆಂದು ಕಣ್ಣು ಹೇಳಬಲ್ಲದು. ಏಕೆ ಕುಗ್ಗಿತೆಂದು ಹೇಳಲಾರದು.

ಮೀನುಗಳು ಚೆನ್ನಾಗಿದ್ದು ಹವಳ, ಬಸವನಹುಳುಗಳು ಮಾತ್ರ ಸೊರಗಿದ್ದೂ ಲವಣಾಂಶದ ಕಡೆಗೇ ಬೆರಳು ತೋರಿಸುತ್ತದೆ. ಎಲುಬಿನ ಮೀನುಗಳ ರಕ್ತದಲ್ಲಿರುವ ಲವಣ ಸಮುದ್ರದ ನೀರಿನ ಸುಮಾರು ಮೂರನೇ ಒಂದು ಭಾಗ ಮಾತ್ರ, ಅದನ್ನು ಅವು ತಾವೇ ಕಾಪಾಡಿಕೊಳ್ಳುತ್ತವೆ. ನೀರು ತುಸು ತೆಳುವಾದರೆ ಅವುಗಳ ಶ್ರಮ ಕಡಿಮೆಯೇ ಆಗುತ್ತದೆ. ಹವಳಕ್ಕೂ ಬಸವನಹುಳುವಿಗೂ ಅಂಥ ಏರ್ಪಾಡಿಲ್ಲ. ಹೊರಗಿನ ನೀರು ಹೇಗೋ ಒಳಗಿನ ದ್ರವವೂ ಹಾಗೆ.

ಹೊಸಹವಳ:

ಮಾನಕ ದ್ರಾವಣ ತಯಾರಿಸಿದೆ. ಮೂರು ಬಾರಿ ನೋಡಿದೆ, ಮೂರು ಬಾರಿಯೂ 40 ಎಂದೇ ತೋರಿಸಿತು. ತಿರುಪು ತಿರುಗಿಸಿ 35ಕ್ಕೆ ಹೊಂದಿಸಿ ತೊಟ್ಟಿಯ ನೀರು ಹಾಕಿದರೆ 30. ನಂಬಿಕೆ ಬರದೆ ಗೆಳೆಯರೊಬ್ಬರಿಂದ ತೇಲುವ ಗಾಜಿನ ಹೈಡ್ರೋಮೀಟರ್ ತಂದು ನೋಡಿದೆ. ಸಾಪೇಕ್ಷ ಸಾಂದ್ರತೆ 1.026 ಇರಬೇಕಾದಲ್ಲಿ 1.023ಕ್ಕೂ ತುಸು ಕೆಳಗೆ ನಿಂತಿತು. ಎರಡು ಉಪಕರಣಗಳೂ ಈಗ ಒಂದೇ ಮಾತು ಹೇಳುತ್ತಿವೆ.

ಹಾಗಾದರೆ ನೈಟ್ರೇಟ್ ಕಿಟ್‌ಗಳಲ್ಲಿಯೂ ಒಂದು ಕೆಟ್ಟಿರಬೇಕಲ್ಲವೇ? ಯಾವುದನ್ನು ಎಸೆಯಲಿ?

ಪರೀಕ್ಷಾನಳಿಕೆ:

ಎರಡನ್ನೂ ಎಸೆಯಬೇಡಿ, ಅವುಗಳ ಕಾಗದಗಳನ್ನು ಓದಿ. ನೈಟ್ರೇಟನ್ನು ಬರೆಯುವ ರೂಢಿಗಳು ಎರಡು. ಕೆಲವರು ಇಡೀ ನೈಟ್ರೇಟ್ ಅಯಾನಿನ ತೂಕವನ್ನು ಕೊಡುತ್ತಾರೆ, ಕೆಲವರು ಅದರೊಳಗಿನ ನೈಟ್ರೋಜನ್ನಿನ ತೂಕವನ್ನು ಮಾತ್ರ ಕೊಡುತ್ತಾರೆ. ಎರಡನೆಯದನ್ನು 4.43ರಿಂದ ಗುಣಿಸಿದರೆ ಮೊದಲನೆಯದು ಸಿಗುತ್ತದೆ. ನಿಮ್ಮ ಹಳೆಯ ಕಿಟ್ಟಿನ 5 ಎಂದರೆ 22. ಹೊಸದರ 20ಕ್ಕಿಂತ ತುಸು ಹೆಚ್ಚು ಎಂಬುದೂ ಅದೇ. ಹಳೆಯ ಕಿಟ್ಟಿನ ಬಣ್ಣದ ಪಟ್ಟಿಯ ಮೂಲೆಯಲ್ಲಿ ನೈಟ್ರೇಟ್ ನೈಟ್ರೋಜನ್ ಎಂಬರ್ಥದ ಸಣ್ಣಕ್ಷರ ಇದ್ದೇ ಇರುತ್ತದೆ, ನೋಡಿ. ಫಾಸ್ಫೇಟಿಗೂ ಇದೇ ಪಾಡು: ಬರೀ ಫಾಸ್ಫರಸ್ ತೋರಿಸುವ ಉಪಕರಣವಾದರೆ 3.07ರಿಂದ ಗುಣಿಸಬೇಕು.

ನೈಟ್ರೇಟ್ ಪರೀಕ್ಷೆಯ ಬಗ್ಗೆ ಇನ್ನೂ ಒಂದೆರಡು ಮಾತು ಹೇಳಲೇಬೇಕು, ಏಕೆಂದರೆ ನಾವು ಮಾಡುವ ಪರೀಕ್ಷೆಗಳಲ್ಲಿ ಇದರಷ್ಟು ಸುಲಭವಾಗಿ ಕೆಡುವಂಥದು ಬೇರೊಂದಿಲ್ಲ. ಈ ಕಿಟ್‌ಗಳು ನೈಟ್ರೇಟನ್ನು ನೇರವಾಗಿ ಕಾಣುವುದಿಲ್ಲ. ಸತುವಿನಂಥ ಲೋಹದ ಪುಡಿಯಿಂದ ಅದನ್ನು ಮೊದಲು ನೈಟ್ರೈಟಾಗಿ ಬದಲಿಸಿ, ಆ ನೈಟ್ರೈಟಿಗೆ ಗುಲಾಬಿ ಅಥವಾ ಕೆಂಪು ಬಣ್ಣ ಬರಿಸುತ್ತವೆ. ಅದರಿಂದ ಎರಡು ಪರಿಣಾಮಗಳಾಗುತ್ತವೆ. ಪುಡಿ ಬಾಟಲಿಯ ತಳದಲ್ಲಿ ಗಟ್ಟಿಯಾಗಿ ಕೂತಿದ್ದು ನೀವು ಸರಿಯಾಗಿ ಕುಲುಕದಿದ್ದರೆ ನೈಟ್ರೇಟ್ ಇದ್ದರೂ ಇಲ್ಲವೆಂದು ತೋರುತ್ತದೆ. ಕಾಗದದಲ್ಲಿ ಅರ್ಧ ನಿಮಿಷ ಕುಲುಕಿ ಎಂದು ಬರೆದಿದ್ದರೆ ಗಡಿಯಾರ ನೋಡಿಕೊಂಡೇ ಕುಲುಕಬೇಕು. ಇನ್ನೊಂದು, ತೊಟ್ಟಿಯಲ್ಲಿ ಮೊದಲೇ ನೈಟ್ರೈಟ್ ಇದ್ದರೆ ಅದೂ ಬಣ್ಣ ಕೊಟ್ಟು ನೈಟ್ರೇಟ್ ವಿಪರೀತವಿದ್ದಂತೆ ಕಾಣುತ್ತದೆ. ಹೊಸ ತೊಟ್ಟಿಯ ಮೊದಲ ವಾರಗಳಲ್ಲಿ ನೈಟ್ರೇಟ್ ಅಳೆದು ಗಾಬರಿಪಡುವವರೆಲ್ಲ ಬೀಳುವುದು ಈ ಗುಂಡಿಗೆ. ಪ್ರಾಸಂಗಿಕವಾಗಿ ಹೇಳುವುದಾದರೆ, ಸಿಹಿನೀರಿನಲ್ಲಿ ನೈಟ್ರೈಟ್ ಎಷ್ಟು ಅಪಾಯಕಾರಿಯೋ ಉಪ್ಪುನೀರಿನಲ್ಲಿ ಅಷ್ಟಲ್ಲ. ನೀರಿನಲ್ಲಿ ತುಂಬಿರುವ ಕ್ಲೋರೈಡ್ ಅದನ್ನು ಮೀನಿನ ಕಿವಿರಿನೊಳಕ್ಕೆ ಸುಲಭವಾಗಿ ಬಿಡುವುದಿಲ್ಲ.

ಬಣ್ಣ ಪಟ್ಟಿಯ ತುದಿಯನ್ನು ದಾಟಿ ಕಡುಗೆಂಪಾದರೆ ಊಹೆ ಮಾಡಬೇಡಿ. ಒಂದು ಪಾಲು ತೊಟ್ಟಿಯ ನೀರಿಗೆ ಒಂಬತ್ತು ಪಾಲು ಶುದ್ಧ ನೀರು ಬೆರೆಸಿ ಅಳೆದು, ಬಂದ ಉತ್ತರವನ್ನು 10ರಿಂದ ಗುಣಿಸಿ. ಪಟ್ಟಿಯನ್ನು ಹಗಲು ಬೆಳಕಿನಲ್ಲಿ ನೋಡಿ. ಅಕ್ವೇರಿಯಮ್ಮಿನ ನೀಲಿ ದೀಪದಡಿಯಲ್ಲಿ ಬಣ್ಣ ಹೋಲಿಸಿದರೆ ಪ್ರತಿ ದಿನವೂ ಬೇರೆ ಉತ್ತರ ಸಿಗುತ್ತದೆ.

22 ಎಂಬುದು ಹೆದರುವಂಥ ಅಂಕಿಯಲ್ಲ. ನೈಟ್ರೇಟನ್ನೂ ಫಾಸ್ಫೇಟನ್ನೂ ಸೊನ್ನೆಗೆ ಇಳಿಸಲು ಹೊರಟವರ ತೊಟ್ಟಿಗಳಲ್ಲಿ ಹವಳಗಳು ಬಿಳಿಚಿಕೊಂಡು, ಕಂದು ಲೋಳೆಯ ಡೈನೋಫ್ಲಾಜೆಲೇಟುಗಳು ಹಬ್ಬಿದ್ದನ್ನು ಕಂಡಿದ್ದೇನೆ. ಈಗ ಅದಕ್ಕೆ ಕೈ ಹಾಕಬೇಡಿ.

ಕಡಲಕುದುರೆ:

ಲವಣಾಂಶದ ವಿಷಯ ನನಗೆ ಹೊಳೆದಿರಲಿಲ್ಲ, ಒಪ್ಪುತ್ತೇನೆ. ಆದರೆ ಪಿಎಚ್ 7.9 ಇದೆಯಲ್ಲ, ಅದು ಸುಳ್ಳೇ? ಕ್ಷಾರತೆ 9.5 ಇದ್ದೂ ಪಿಎಚ್ ಇಷ್ಟು ಕಡಿಮೆಯಿರುವುದು ಹೇಗೆ?

ಟೈಟ್ರೇಶನ್:

ಸುಳ್ಳಾಗಿರಲೇಬೇಕೆಂದಿಲ್ಲ. ಪಿಎಚ್ಚನ್ನು ನಿರ್ಧರಿಸುವುದು ಕ್ಷಾರತೆಯೊಂದೇ ಅಲ್ಲ, ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಕೂಡ. ದೀಪ ಆರಿದ ಮೇಲೆ ಪಾಚಿಯೂ ಹವಳದೊಳಗಿನ ಸೂಕ್ಷ್ಮಜೀವಿಗಳೂ ಅದನ್ನು ಬಳಸುವುದು ನಿಲ್ಲುತ್ತದೆ, ಉಸಿರಾಟ ಮಾತ್ರ ಮುಂದುವರಿಯುತ್ತದೆ. ಹಾಗಾಗಿ ರಾತ್ರಿ ಪಿಎಚ್ ಇಳಿದು ಹಗಲು ಏರುವುದು ಸಹಜ. ಹೊಸಹವಳ ಅವರು ಅಳೆದದ್ದು ರಾತ್ರಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಕುಳಿತಿದ್ದರೂ ತೊಟ್ಟಿಯ ಪಿಎಚ್ ಇಳಿಯುತ್ತದೆ. ಒಂದು ಲೋಟದಲ್ಲಿ ತೊಟ್ಟಿಯ ನೀರನ್ನು ತೆಗೆದುಕೊಂಡು, ಮನೆಯ ಹೊರಗೆ ಇಟ್ಟು, ಗಾಳಿಯ ಪಂಪಿನಿಂದ ಒಂದು ಗಂಟೆ ಗುಳ್ಳೆ ಬಿಟ್ಟು ಮತ್ತೆ ಅಳೆಯಲಿ. ಪಿಎಚ್ ಏರಿದರೆ ಕಾರಣ ಡೈಆಕ್ಸೈಡ್. ಅದಕ್ಕೆ ಮದ್ದು ಕಿಟಕಿಯೇ ಹೊರತು ಪುಡಿಯಲ್ಲ. ಪಿಎಚ್ ಏರಿಸುವ ಪುಡಿಗಳಲ್ಲಿ ಬಹುಪಾಲು ಸೋಡಾದ ರೂಪಗಳೇ. ಹಾಕಿದಷ್ಟೂ ಕ್ಷಾರತೆ ಏರುತ್ತ ಹೋಗುತ್ತದೆ, ಪಿಎಚ್ ಮಾತ್ರ ಮರುದಿನ ಇದ್ದಲ್ಲಿಗೇ ಬರುತ್ತದೆ.

ಮೀಟರಿನಲ್ಲಿ ಅಳೆದಿದ್ದರೆ 7 ಮತ್ತು 10ರ ಬಫರ್ ದ್ರಾವಣಗಳಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ) ಅದನ್ನು ಹೊಂದಿಸಿದ್ದರೇ ಎಂಬುದನ್ನೂ ಕೇಳಬೇಕು. 4ರ ಬಫರ್ ನಮ್ಮ ಕೆಲಸಕ್ಕೆ ದೂರವಾಯಿತು.

ಉಪ್ಪುತಕ್ಕಡಿ:

ಇನ್ನು ಸರಿಪಡಿಸುವ ಲೆಕ್ಕ. 200 ಲೀಟರಿನಲ್ಲಿ 5 ಪಿಪಿಟಿ ಏರಿಸಲು ಸುಮಾರು ಒಂದು ಕಿಲೋ ಉಪ್ಪು ಬೇಕು. ಅದನ್ನು ತೊಟ್ಟಿಗೆ ನೇರವಾಗಿ ಸುರಿಯುವ ಯೋಚನೆ ಕನಸಿನಲ್ಲಿಯೂ ಬೇಡ. ತೊಟ್ಟಿಯಿಂದ ದಿನವೂ ಆವಿಯಾಗುವುದು ಬರೀ ನೀರು, ಉಪ್ಪಲ್ಲ. ಆದ್ದರಿಂದಲೇ ನಾವು ಎಂದಿನಂತೆ ಶುದ್ಧ ನೀರಿನಿಂದ ಮಟ್ಟ ತುಂಬಿಸುತ್ತೇವೆ. ಈಗ ಕೆಲವು ದಿನ ಅದರ ಬದಲು 35 ಪಿಪಿಟಿಯ ಉಪ್ಪುನೀರನ್ನೇ ತುಂಬಿಸಿ. ದಿನಕ್ಕೆ 3 ಲೀಟರ್ ಆವಿಯಾಗುತ್ತದೆಂದು ಇಟ್ಟುಕೊಂಡರೆ, ಸೇರುವ ಉಪ್ಪು 105 ಗ್ರಾಂ, ಲವಣಾಂಶದ ಏರಿಕೆ ದಿನಕ್ಕೆ ಅರ್ಧ ಪಿಪಿಟಿಯಷ್ಟು. ಹತ್ತು ದಿನಗಳಲ್ಲಿ ಕೆಲಸ ಮುಗಿಯುತ್ತದೆ, ಹವಳಗಳಿಗೂ ಆಘಾತವಾಗುವುದಿಲ್ಲ.

ಅದೇ ನೀರಿನ ಜೊತೆ ಕ್ಯಾಲ್ಸಿಯಂ ದಿನಕ್ಕೆ 6 ಪಿಪಿಎಂನಷ್ಟು, ಮೆಗ್ನೀಸಿಯಂ 19 ಪಿಪಿಎಂನಷ್ಟು ತಾವಾಗಿಯೇ ಏರುತ್ತವೆ. ಹತ್ತು ದಿನಗಳಲ್ಲಿ ನಿಮ್ಮ ಪೊಟ್ಟಣಗಳು ಮಾಡಬೇಕಿದ್ದ ಕೆಲಸವನ್ನು ಉಪ್ಪೇ ಮಾಡಿರುತ್ತದೆ. ಕ್ಷಾರತೆಯೂ ಒಟ್ಟು ಒಂದು ಡಿಕೆಎಚ್ಚಿಗಿಂತ ತುಸು ಹೆಚ್ಚು ಏರುವುದರಿಂದ ಸೋಡಾ ದ್ರಾವಣವನ್ನು ಇಂದಿನಿಂದಲೇ ನಿಲ್ಲಿಸಿ. ಹವಳಗಳು ಚೇತರಿಸಿಕೊಂಡು ಬೆಳೆಯತೊಡಗಿದಂತೆ ಅದು ತಾನೇ ಇಳಿಯುತ್ತದೆ. ದಿನವೂ ಅಳೆಯಿರಿ.

ಹೊಸಹವಳ:

ಕ್ಷಾರತೆಯನ್ನೇ ದಿನವೂ ಅಳೆಯಬೇಕೇಕೆ? ಕ್ಯಾಲ್ಸಿಯಂ ಮುಖ್ಯವೆಂದು ನಾನು ತಿಳಿದಿದ್ದೆ. ಅಲ್ಲದೆ ನನ್ನ ಕ್ಷಾರತೆಯ ಕಿಟ್ ಸರಿಯಿದೆಯೆಂದು ಹೇಗೆ ನಂಬಲಿ? ಈಗ ಎಲ್ಲದರ ಮೇಲೂ ಅನುಮಾನ ಬರುತ್ತಿದೆ.

ಟೈಟ್ರೇಶನ್:

ಅನುಮಾನ ಒಳ್ಳೆಯದೇ, ಅದಕ್ಕೊಂದು ಪರೀಕ್ಷೆ ಜೊತೆಗಿದ್ದರೆ.

ಮೊದಲ ಪ್ರಶ್ನೆಗೆ ಉತ್ತರ ಹವಳದ ಕಲ್ಲಿನಲ್ಲಿಯೇ ಇದೆ. ಅದು ಕ್ಯಾಲ್ಸಿಯಂ ಕಾರ್ಬೊನೇಟ್. ಹವಳಗಳು 20 ಪಿಪಿಎಂ ಕ್ಯಾಲ್ಸಿಯಂ ಬಳಸುವಷ್ಟರಲ್ಲಿ 2.8 ಡಿಕೆಎಚ್ ಕ್ಷಾರತೆ ಖರ್ಚಾಗಿರುತ್ತದೆ. 420ರಲ್ಲಿ 20 ಹೋದರೆ ನಷ್ಟ ಶೇಕಡಾ 5ಕ್ಕೂ ಕಡಿಮೆ. ಕ್ಯಾಲ್ಸಿಯಂ ಕಿಟ್ಟಿನಲ್ಲಿ ಒಂದೆರಡು ಹನಿಯ ವ್ಯತ್ಯಾಸಕ್ಕೆ ಅದು ಮರೆಯಾಗಿಬಿಡುತ್ತದೆ. 8 ಡಿಕೆಎಚ್‌ನಲ್ಲಿ 2.8 ಹೋದರೆ ಮೂರನೇ ಒಂದು ಭಾಗವೇ ಹೋದಂತೆ. ಹವಳ ಎಷ್ಟು ತಿನ್ನುತ್ತಿದೆಯೆಂಬುದನ್ನು ಮೊದಲು ಹೇಳುವುದು ಕ್ಷಾರತೆ, ಹವಳಕ್ಕೆ ಮೊದಲು ನೋವಾಗುವುದೂ ಅದರ ಏರಿಳಿತದಿಂದ. ಸರಿಪಡಿಸುವಾಗಲೂ ದಿನಕ್ಕೆ ಒಂದು ಡಿಕೆಎಚ್ ದಾಟದಿರುವುದು ಕ್ಷೇಮ.

ಎರಡನೆಯದಕ್ಕೆ ಅಡುಗೆಮನೆಯ ಸೋಡಾ ಸಾಕು. ಆದರೆ ಅದು ಬೇಕಿಂಗ್ ಪೌಡರ್ ಆಗಿರದೆ ಶುದ್ಧ ಸೋಡಿಯಂ ಬೈಕಾರ್ಬೊನೇಟ್ ಆಗಿರಬೇಕು. 2.1 ಗ್ರಾಂ ತೂಗಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ. ಆ ದ್ರಾವಣದ 100 ಮಿಲಿಲೀಟರನ್ನು ತೆಗೆದು, ಶುದ್ಧ ನೀರು ಸೇರಿಸಿ ಮತ್ತೆ ಒಂದು ಲೀಟರ್ ಮಾಡಿ. ಅದರ ಕ್ಷಾರತೆ 7 ಡಿಕೆಎಚ್. ಕಿಟ್ 7ರ ಹತ್ತಿರ ತೋರಿಸಿದರೆ ನಂಬಿ. 8 ತೋರಿಸಿದರೂ ಎಸೆಯಬೇಕಾಗಿಲ್ಲ, ಪ್ರತಿ ಬಾರಿಯೂ ಎಷ್ಟು ಹೆಚ್ಚು ಹೇಳುತ್ತದೆಂದು ಬಾಟಲಿಯ ಮೇಲೆ ಬರೆದಿಟ್ಟುಕೊಂಡರಾಯಿತು. ಒಂದೊಂದು ಬಾರಿ ಒಂದೊಂದು ಉತ್ತರ ಕೊಟ್ಟರೆ ಮಾತ್ರ ಅದರ ಸಹವಾಸ ಬಿಡಿ.

ಸಿರಿಂಜಿನ ಕಿಟ್ ಆದರೆ ತುದಿಯಲ್ಲಿ ಗಾಳಿ ಸಿಕ್ಕಿಕೊಳ್ಳುವುದಕ್ಕೆ ತಲೆಕೆಡಿಸಿಕೊಳ್ಳಬೇಡಿ. ಆರಂಭದಲ್ಲಿಯೂ ಕೊನೆಯಲ್ಲಿಯೂ ದ್ರವದ ಮಟ್ಟವನ್ನಲ್ಲ, ಒಳಗಿನ ಕಪ್ಪು ರಬ್ಬರಿನ ಒಂದೇ ಅಂಚನ್ನು ನೋಡಿ ಓದಿ. ಬಣ್ಣ ಬದಲಾಗತೊಡಗಿದ ಮೇಲೆ ಒಂದೊಂದೇ ಹನಿ ಹಾಕಿ, ಕುಲುಕಿ, ನೋಡಿ. ಬಣ್ಣ ಪೂರ್ತಿ ತಿರುಗಿತೇ ಎಂಬ ಸಂಶಯವಿದ್ದರೆ ಅಂಕಿ ಬರೆದುಕೊಂಡು ಇನ್ನೊಂದು ಹನಿ ಹಾಕಿ. ಬದಲಾಗದಿದ್ದರೆ ಹಿಂದಿನದೇ ಉತ್ತರ.

ಅಲೆಮನೆ:

ನಡುವೆ ಬಂದು ಕೇಳುತ್ತಿರುವುದಕ್ಕೆ ಕ್ಷಮಿಸಿ. ಇಷ್ಟೆಲ್ಲ ಮಾಡುವ ಬದಲು ನೀರನ್ನು ಐಸಿಪಿ ಪರೀಕ್ಷೆಗೆ ಪ್ರಯೋಗಾಲಯಕ್ಕೆ ಕಳಿಸಿಬಿಟ್ಟರೆ ಆಗುವುದಿಲ್ಲವೇ?

ಪರೀಕ್ಷಾನಳಿಕೆ:

ಕಳಿಸಬಹುದು, ಆದರೆ ಇದಕ್ಕೆ ಬದಲಾಗಿ ಅಲ್ಲ. ಐಸಿಪಿ ಯಂತ್ರ ಮೂಲವಸ್ತುಗಳನ್ನು ಎಣಿಸುತ್ತದೆ: ಕ್ಯಾಲ್ಸಿಯಂ, ಮೆಗ್ನೀಸಿಯಂ, ಸ್ಟ್ರಾನ್ಷಿಯಂ, ಎಲ್ಲಿಂದಲೋ ಸೇರಿದ ತಾಮ್ರ ಅಥವಾ ತವರ. ತಾಮ್ರದ ಗುಮಾನಿಯಿದ್ದಾಗ ಅದಕ್ಕೆ ಸಾಟಿಯಿಲ್ಲ. ಪಿಎಚ್ಚನ್ನಾಗಲೀ ಕ್ಷಾರತೆಯನ್ನಾಗಲೀ ಅದು ಅಳೆಯುವುದಿಲ್ಲ. ಅಮೋನಿಯಾ, ನೈಟ್ರೇಟ್ ಅದಕ್ಕೆ ಕಾಣಿಸುವುದಿಲ್ಲ. ಉತ್ತರ ಬರುವಷ್ಟರಲ್ಲಿ ತೊಟ್ಟಿಯ ನೀರು ಬೇರೆಯೇ ಆಗಿರುತ್ತದೆ.

ಹೊಸಹವಳ:

ಹನ್ನೊಂದು ದಿನಗಳ ನಂತರದ ವರದಿ. ಲೋಟದ ಪ್ರಯೋಗ ಮಾಡಿದೆ: ಒಂದು ಗಂಟೆ ಹೊರಗಿನ ಗಾಳಿ ಸಿಕ್ಕ ಮೇಲೆ ಪಿಎಚ್ 7.9ರಿಂದ 8.2ಕ್ಕೆ ಏರಿತು. ಈಗ ಹಗಲೆಲ್ಲ ಕಿಟಕಿ ತೆರೆದಿಡುತ್ತಿದ್ದೇವೆ. ಹಳೆಯ ನೈಟ್ರೇಟ್ ಕಿಟ್ಟಿನ ಪಟ್ಟಿಯಲ್ಲಿ ಸಣ್ಣಕ್ಷರ ಇದ್ದದ್ದು ನಿಜ. ಎರಡು ವರ್ಷ ಅದನ್ನು ನೋಡಿಯೂ ಓದಿರಲಿಲ್ಲ. ಕ್ಷಾರತೆಯ ಕಿಟ್ ಸೋಡಾ ದ್ರಾವಣಕ್ಕೆ ಎರಡು ಬಾರಿ 7.3, ಒಂದು ಬಾರಿ 7.2 ಎಂದಿತು.

ಮಾನಕ ದ್ರಾವಣದಲ್ಲಿ ಹೊಂದಿಸಿದ ರಿಫ್ರಾಕ್ಟೋಮೀಟರಿನಲ್ಲಿ ನಿನ್ನೆ ಲವಣಾಂಶ 35. ಕ್ಯಾಲ್ಸಿಯಂ 405, ಮೆಗ್ನೀಸಿಯಂ 1280, ಕ್ಷಾರತೆ 9. ಪೊಟ್ಟಣಗಳೆರಡೂ ಬಿಚ್ಚದೇ ಹಾಗೆಯೇ ಇವೆ. ಮೂರು ಕಲ್ಲುಹವಳಗಳಲ್ಲಿ ಎರಡು ಎಂಟನೆಯ ದಿನದಿಂದ ಅರಳುತ್ತಿವೆ. ಮೂರನೆಯದರ ಒಂದು ಅಂಚಿನಲ್ಲಿ ಬಿಳಿಯ ಕಲ್ಲು ಕಾಣುತ್ತಿದೆ. ಅದು ಉಳಿಯುತ್ತದೆಯೇ?

ಹಳೆದೋಣಿ:

ಅಂಚಿನ ಮಾಂಸ ದಿನದಿಂದ ದಿನಕ್ಕೆ ಹಿಂದೆ ಸರಿಯುತ್ತಿದೆಯೇ, ಇದ್ದಲ್ಲಿಯೇ ನಿಂತಿದೆಯೇ ಎಂಬುದರ ಮೇಲೆ ಅದು ನಿಂತಿದೆ. ಇಂದು ಒಂದು ಚಿತ್ರ ತೆಗೆದಿಡಿ, ವಾರದ ನಂತರ ಅದೇ ಜಾಗದಿಂದ, ಅದೇ ದೀಪದಲ್ಲಿ ಇನ್ನೊಂದು ತೆಗೆಯಿರಿ. ನಿಂತಿದ್ದರೆ ತಿಂಗಳುಗಳಲ್ಲಿ ನಿಧಾನವಾಗಿ ಮತ್ತೆ ಆವರಿಸಿಕೊಳ್ಳುತ್ತದೆ. ಸರಿಯುತ್ತಿದ್ದರೆ ಸತ್ತ ಭಾಗವನ್ನು ಕತ್ತರಿಸಬೇಕಾಗಬಹುದು. ಆಗ ಚಿತ್ರಗಳೆರಡನ್ನೂ ಇಲ್ಲಿ ಹಾಕಿ, ಎಲ್ಲಿ ಕತ್ತರಿಸಬೇಕೆಂದು ಗುರುತು ಮಾಡಿಕೊಡುತ್ತೇನೆ. ಅಲ್ಲಿಯವರೆಗೆ ಅದರ ಮೇಲೆ ನೇರವಾಗಿ ಬೀಳುವ ಪಂಪಿನ ಹರಿವನ್ನು ಸ್ವಲ್ಪ ಬೇರೆ ಕಡೆಗೆ ತಿರುಗಿಸಿ.

ಟೈಟ್ರೇಶನ್ ಅವರೇ, ನಿನ್ನೆ ನನ್ನ ಹಳೆಯ ಹೈಡ್ರೋಮೀಟರನ್ನು ಹೊರಗೆ ತೆಗೆದು ಅದೇ 36.5 ಗ್ರಾಂ ದ್ರಾವಣದಲ್ಲಿ ತೇಲಿಸಿದೆ. 1.026ಕ್ಕೆ ಸರಿಯಾಗಿ ಕೂರಲಿಲ್ಲ. ತಪ್ಪು ಹೈಡ್ರೋಮೀಟರಿನದೋ ದ್ರಾವಣದ್ದೋ?

ಟೈಟ್ರೇಶನ್:

ಎರಡರದೂ ಅಲ್ಲ, ಸರ್. ಆ ದ್ರಾವಣ ಸಮುದ್ರದ ನೀರಿನಷ್ಟೇ ಬೆಳಕನ್ನು ಬಾಗಿಸುತ್ತದೆ, ಆದರೆ ಅದರ ಸಾಂದ್ರತೆ ಸಮುದ್ರದ ನೀರಿನಷ್ಟೇ ಇರಬೇಕಾಗಿಲ್ಲ. ಹೈಡ್ರೋಮೀಟರನ್ನು ಪರೀಕ್ಷಿಸಲು ಉಪ್ಪುತಕ್ಕಡಿ ಅವರು ಹೊಂದಿಸಲು ಹೇಳಿದ ರಿಫ್ರಾಕ್ಟೋಮೀಟರಿನಿಂದ 35 ಎಂದು ಖಚಿತಪಡಿಸಿಕೊಂಡ ತೊಟ್ಟಿಯ ನೀರನ್ನೇ ಬಳಸಿ. ನೀರು 25 ಡಿಗ್ರಿಯಲ್ಲಿರಲಿ, ಕೊಳವೆಯ ಮೈಗೆ ಗುಳ್ಳೆಯಾಗಲೀ ಉಪ್ಪಿನ ಹರಳಾಗಲೀ ಅಂಟಿರದಂತೆ ನೋಡಿಕೊಳ್ಳಿ.